ಪಕ್ಷಕಾರರಲ್ಲದವರ ಮೇಲೆ ದಾವೆ ಖರ್ಚು (ಕಂಪನಿ ವ್ಯಾಜ್ಯ)

ವಾದಿಯೂ ಪ್ರತಿವಾದಿಯೂ ಅಲ್ಲದ ವ್ಯಕ್ತಿಯಿಂದ ಗೆದ್ದವರ ದಾವೆ ಖರ್ಚು ಕೊಡಿಸುವ ಆದೇಶ. ಕಂಪನಿ ಕಾನೂನಿನ ಕಣ್ಣಿಗೆ ಬೇರೆಯೇ ವ್ಯಕ್ತಿ. ಸೋತಾಗ ಖರ್ಚಿನ ಹೊಣೆ ಅದರದ್ದೇ. ಸಿರುಗುಪ್ಪದ ಅಕ್ಕಿ ಗಿರಣಿ ಕಂಪನಿಯೊಂದು ಕುರುಗೋಡಿನ ಭತ್ತದ ವ್ಯಾಪಾರಿಯ ಮೇಲೆ ದಾವೆ ಹೂಡಿ ಸೋತಿತೆನ್ನಿ. ಗಿರಣಿ, ಜಾಗ ಎರಡೂ ಬ್ಯಾಂಕಿಗೆ ಅಡವು. ವಕೀಲರ ಫೀಸು ಕಟ್ಟಿದ್ದು ನಿರ್ದೇಶಕನ ಸ್ವಂತ ಖಾತೆಯಿಂದ. ವ್ಯಾಪಾರಿ ನಿರ್ದೇಶಕನನ್ನು ಹಿಡಿಯಬಹುದೇ?

ಹಿನ್ನೆಲೆ: ಬಂಗಾಳದ ರಾಮಕುಮಾರ ಕುಂಡು ಆಸ್ತಿ ವ್ಯಾಜ್ಯವೊಂದರಲ್ಲಿ 1872ರಲ್ಲಿ ಪ್ರಿವಿ ಕೌನ್ಸಿಲ್ಲಿನಲ್ಲಿ ಗೆದ್ದ. ಎದುರಾಳಿ ಮೆಕ್ವೀನ್ ಪಕ್ಷದಿಂದ ಖರ್ಚು ವಸೂಲಾಗದೆ, ಅವರಿಗೆ ಹಣ ಒದಗಿಸಿದವರ ಮೇಲೇ ಪ್ರತ್ಯೇಕ ದಾವೆ ಹಾಕಿದ. 1876ರಲ್ಲಿ ಸೋತ. ದಾವೆಗೆ ಹಣ ಕೊಡುವ ನ್ಯಾಯವಾದ ಒಪ್ಪಂದ ಭಾರತದಲ್ಲಿ ಅದರಷ್ಟಕ್ಕೇ ಅಕ್ರಮವಲ್ಲ ಎಂಬ ಮಾತಿಗಾಗಿಯೇ ಆ ತೀರ್ಪು ಇಂದೂ ಉಲ್ಲೇಖವಾಗುತ್ತದೆ. ಬರಿಗೈಯಲ್ಲಿ ಉಳಿದ ಗೆದ್ದವನ ಪಾಡಿಗೂ ಅಷ್ಟೇ ಮಹತ್ವ ಸಲ್ಲಬೇಕು.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಂ, ಖರ್ಚನ್ನು ಯಾರು, ಯಾವ ಆಸ್ತಿಯಿಂದ, ಎಷ್ಟರ ಮಟ್ಟಿಗೆ ಕೊಡಬೇಕೆಂದು ತೀರ್ಮಾನಿಸುವ ಪೂರ್ಣ ಅಧಿಕಾರವನ್ನು ಕೋರ್ಟಿಗೆ ಕೊಟ್ಟಿತು. ಇಂಗ್ಲೆಂಡಿನ ಕಾಯ್ದೆಯಲ್ಲೂ ಹೆಚ್ಚುಕಡಿಮೆ ಇದೇ ಮಾತಿದೆ. ಅಲ್ಲಿನ 'ಯಾರು' ಪಕ್ಷಕಾರರಿಗಷ್ಟೇ ಸೀಮಿತವಲ್ಲವೆಂದು ಹೌಸ್ ಆಫ್ ಲಾರ್ಡ್ಸ್ 1986ರ ಏಡನ್ ಶಿಪ್ಪಿಂಗ್ ಪ್ರಕರಣದಲ್ಲಿ ಹೇಳಿತು. ಆಸ್ಟ್ರೇಲಿಯಾದ ಹೈಕೋರ್ಟ್ 1992ರ ನೈಟ್ ಪ್ರಕರಣದಲ್ಲಿ, ದಿವಾಳಿ ಕಂಪನಿಗಳ ಪರ ವ್ಯಾಜ್ಯ ನಡೆಸಿದ ರಿಸೀವರುಗಳನ್ನೂ ಹೊಣೆ ಮಾಡಬಹುದೆಂದಿತು. 2004ರ ಡೈಮಾಕ್ಸ್ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಕೊಟ್ಟ ಒರೆಗಲ್ಲೇ ನನ್ನ ದೃಷ್ಟಿಯಲ್ಲಿ ಅತ್ಯಂತ ಉಪಯುಕ್ತ: ಹಣ ಹಾಕಿ, ದಾವೆಯ ಚುಕ್ಕಾಣಿ ಹಿಡಿದು, ಗೆದ್ದರೆ ತಾನೇ ಲಾಭ ಉಣ್ಣುವವನು ನಿಜವಾದ ಪಕ್ಷಕಾರ. ಸ್ವಹಿತವಿಲ್ಲದೆ ನೆರವಾದವನು ಸಾಮಾನ್ಯವಾಗಿ ಹೊಣೆಯಲ್ಲ. ಕಂಪನಿಯ ಹಿತಕ್ಕಾಗಿ ಪ್ರಾಮಾಣಿಕವಾಗಿ ದುಡಿದ ನಿರ್ದೇಶಕನಿಗೂ ಇದೇ ರಕ್ಷಣೆ.

ಭಾರತದಲ್ಲಿ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ವಾಣಿಜ್ಯ ವ್ಯಾಜ್ಯಗಳ ಮಟ್ಟಿಗೆ 35ನೇ ಕಲಮನ್ನು ಬದಲಿಸಿತು. ಈಗಿನ ಪಠ್ಯ ಒಬ್ಬ ಪಕ್ಷಕಾರ ಮತ್ತೊಬ್ಬನಿಗೆ ಖರ್ಚು ಕೊಡಬೇಕೇ ಎಂಬುದನ್ನಷ್ಟೇ ಕೇಳುತ್ತದೆ. ವ್ಯಾಜ್ಯದ ಕನಿಷ್ಠ ಮೌಲ್ಯ 2018ರಲ್ಲಿ 1 ಕೋಟಿಯಿಂದ 3 ಲಕ್ಷ ರೂಪಾಯಿಗೆ ಇಳಿದದ್ದರಿಂದ ಮೇಲಿನ ಭತ್ತದ ವ್ಯಾಜ್ಯವೂ ಇದರೊಳಗೆ ಬರಬಹುದು. ಬಿಗಿಯಾಗಿ ಓದಿದರೆ ನಿರ್ದೇಶಕ ಪಾರಾಗುತ್ತಾನೆ. ಶಾಸಕರ ಉದ್ದೇಶ ಅದೇ ಆಗಿತ್ತೆಂದು ನಂಬುವುದು ಕಷ್ಟ. ಆದರೂ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2023ರಲ್ಲಿ, ಮಧ್ಯಸ್ಥಿಕೆಗೆ ಹಣ ಹೂಡಿದ, ಆದರೆ ಪಕ್ಷಕಾರನಲ್ಲದ ಸಂಸ್ಥೆಯನ್ನು ಹೊಣೆ ಮಾಡಲಿಲ್ಲ.

ನ್ಯಾಯಮಂಡಳಿ: ಸಿರುಗುಪ್ಪ ಸೇರಿದ ಬಳ್ಳಾರಿ ಜಿಲ್ಲೆಯ ಕಂಪನಿಗಳ ಅರ್ಜಿಗಳು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠಕ್ಕೆ ಹೋಗುತ್ತವೆ. 2013ರ ಕಂಪನಿ ಕಾಯ್ದೆಯ 242ನೇ ಕಲಂ ಖರ್ಚು ವಿಧಿಸಲು ಅವಕಾಶ ಕೊಡುತ್ತದೆ. ದಿವಾಳಿ ಸಂಹಿತೆಯ 65ನೇ ಕಲಮಿನಡಿ ವಂಚನೆಯಿಂದ ಪ್ರಕ್ರಿಯೆ ಶುರುಮಾಡಿದವರಿಗೆ 1 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ಬೀಳುವುದು ದಂಡ, ಗೆದ್ದವರಿಗೆ ಸೇರುವ ಖರ್ಚಲ್ಲ.

ಹೀಗಾಗಿ ಕುರುಗೋಡಿನ ವ್ಯಾಪಾರಿ ತೀರ್ಪಿನವರೆಗೆ ಕಾಯಬಾರದು. ಕಂಪನಿ ಬರಿದಾಗಿದೆಯೆಂದು ತಿಳಿದೊಡನೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೇ ಆದೇಶದಡಿ ಖರ್ಚಿಗೆ ಭದ್ರತೆ ಕೇಳಿ ಅರ್ಜಿ ಹಾಕಬೇಕು. ಫೀಸು ಕಟ್ಟಿದವರ ಬ್ಯಾಂಕ್ ದಾಖಲೆಯನ್ನು ಆಗಲೇ ಕೋರಬೇಕು.