ಬಳ್ಳಿಗಾವೆಯ ಐನೂರ್ವರು: ದೂರದ ವ್ಯಾಪಾರದ ಲಾಭ ನಷ್ಟ

ಶಿಕಾರಿಪುರ ಸೀಮೆಯಲ್ಲಿ ಪರನಾಡಿಗೆ ಸರಕು ಹೊತ್ತು ಹೋಗುವ ವ್ಯಾಪಾರ ಕಲ್ಯಾಣ ಚಾಲುಕ್ಯರ ಕಾಲಕ್ಕೇ ಬಲಿತಿತ್ತು. ಇದೇ ತಾಲ್ಲೂಕಿನ ಬಳ್ಳಿಗಾವೆ ಆಗ ಬನವಾಸಿ ನಾಡಿನ ರಾಜಧಾನಿಯಾಗಿತ್ತು. ಅಲ್ಲಿನ 11ನೇ ಶತಮಾನದ ಶಾಸನವೊಂದು ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘವನ್ನು ವಿಸ್ತಾರವಾಗಿ ವರ್ಣಿಸುತ್ತದೆ. ಚೇರ, ಚೋಳ, ಪಾಂಡ್ಯ, ಮಗಧ, ನೇಪಾಳಗಳವರೆಗೆ ನೆಲದ ದಾರಿಯಲ್ಲೂ ಜಲಮಾರ್ಗದಲ್ಲೂ ಅವರ ಓಡಾಟ. ಆನೆ, ಕುದುರೆ, ಮುತ್ತು, ನೀಲಮಣಿ, ಏಲಕ್ಕಿ, ಲವಂಗ, ಕರ್ಪೂರ, ಕಸ್ತೂರಿ ಅವರ ಸರಕು.

ದಾರಿಯಲ್ಲಿ ಕಳ್ಳರ ಭಯ, ಕಡಲಲ್ಲಿ ಬಿರುಗಾಳಿ. ಒಂಟಿ ವರ್ತಕ ಒಮ್ಮೆ ಸರಕು ಕಳೆದುಕೊಂಡರೆ ಬಂಡವಾಳವೇ ಮುಳುಗುತ್ತಿತ್ತು. ಆದ್ದರಿಂದ ಗುಂಪಾಗಿ ಹೊರಡುವುದು, ಆಯುಧ ಹಿಡಿದ ಕಾವಲುಪಡೆ ಇಟ್ಟುಕೊಳ್ಳುವುದು ರೂಢಿಯಾಯಿತು. ಸಂಘದ ಕಟ್ಟುಪಾಡಿಗೆ ವೀರಬಣಂಜು ಧರ್ಮವೆಂಬ ಹೆಸರಿತ್ತು; ವ್ಯಾಪಾರಿಗೆ ವೀರನ ಬಿರುದು ಸುಮ್ಮನೆ ಬಂದದ್ದಲ್ಲ. ಸಗಟಾಗಿ ಮಾರಿಯೋ, ಹೆಗಲ ಮೇಲೆ ಹೊತ್ತು ತಿರುಗಿಯೋ ಸುಂಕದ ನಷ್ಟವನ್ನು ತಪ್ಪಿಸುತ್ತಿದ್ದರೆಂಬ ಮಾತು ಶಾಸನದಲ್ಲಿದೆ. ಹೊಗಳಿಕೆಯ ನಡುವೆ ಲೆಕ್ಕಾಚಾರ ಬಲ್ಲ ವರ್ತಕನನ್ನು ಕಣ್ಣಿಗೆ ಕಟ್ಟಿಸುವ ಈ ವಿವರವೇ ಅತ್ಯಂತ ಬೆಲೆಯುಳ್ಳದ್ದು. ಉಳಿದ ಗಳಿಕೆಯಲ್ಲಿ ಪಂಡಿತರಿಗೂ ಮುನಿಗಳಿಗೂ ದಾನ ಸಲ್ಲುತ್ತಿತ್ತು.

ಈ ಸಂಘದ ಹೆಸರು ಕಡಲಾಚೆಗೂ ಹಬ್ಬಿತು: ಸುಮಾತ್ರಾದ ಬಾರುಸ್‌ನಲ್ಲಿ ಸಿಕ್ಕ 1088ರ ತಮಿಳು ಶಾಸನದಲ್ಲಿ ಐನೂರ್ವರ ಉಲ್ಲೇಖವಿದೆ.