ಸುಗ್ಗಿ ವ್ಯಾಪಾರದ ದಿನಗಳಲ್ಲಿ ಸೈಬರ್ ಕಾವಲು: ಟಾರ್ಗೆಟ್ ಪ್ರಕರಣದ (2013) ಮರುಪರಿಶೀಲನೆ

ನವೆಂಬರ್‌ನ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್‌ನಿಂದ ಕ್ರಿಸ್‌ಮಸ್‌ವರೆಗಿನ ವಾರಗಳು ಅಮೆರಿಕದ ಚಿಲ್ಲರೆ ವ್ಯಾಪಾರಕ್ಕೆ ಸುಗ್ಗಿಯ ಕಾಲ. 2013ರ ಸುಗ್ಗಿಯಲ್ಲಿ, ನವೆಂಬರ್ 27ರಿಂದ ಡಿಸೆಂಬರ್ 15ರ ನಡುವೆ, ಮಿನಿಯಾಪೊಲಿಸ್‌ನಲ್ಲಿ ಕೇಂದ್ರ ಕಚೇರಿ ಇರುವ ಟಾರ್ಗೆಟ್ ಕಂಪನಿಯ ಮಳಿಗೆಗಳಲ್ಲಿ ಉಜ್ಜಿದ ಸುಮಾರು 4 ಕೋಟಿ ಡೆಬಿಟ್ ಮತ್ತು ಕ್ರೆಡಿಟ್ ಕಾರ್ಡ್‌ಗಳ ವಿವರ ಕಳವಾಯಿತು. ಸುಮಾರು 7 ಕೋಟಿ ಜನರ ಹೆಸರು, ವಿಳಾಸ, ಫೋನ್ ಸಂಖ್ಯೆ, ಇಮೇಲ್‌ಗಳಂಥ ಮಾಹಿತಿಯೂ ಕಳ್ಳರ ಪಾಲಾಗಿತ್ತೆಂದು ಕಂಪನಿ 2014ರ ಜನವರಿ 10ರಂದು ಒಪ್ಪಿಕೊಂಡಿತು. ಈ ಪ್ರಕರಣದ ಬಗ್ಗೆ ಬಂದಿರುವ ಬರಹ ಹೇರಳವಾಗಿದೆ. ಅದರಲ್ಲಿ ಬಹುಪಾಲು ಯಾವ ತಂತ್ರಾಂಶ ಎಲ್ಲಿ ಸೋತಿತು ಎಂಬುದನ್ನೇ ಹುಡುಕುತ್ತದೆ. ದಾಳಿಯ ದಿನಾಂಕಗಳನ್ನು ವ್ಯಾಪಾರದ ಪಂಚಾಂಗದ ಪಕ್ಕದಲ್ಲಿಟ್ಟು ಓದಿದರೆ ಬೇರೊಂದು ಸಂಗತಿ ಕಾಣುತ್ತದೆ. ತಂತ್ರಾಂಶ ತನ್ನ ಕೆಲಸವನ್ನು ಸಕಾಲದಲ್ಲೇ ಮಾಡಿತ್ತು. ಅದು ಕೊಟ್ಟ ಎಚ್ಚರಿಕೆಯನ್ನು ಮೊದಲು ಕಂಡವರು ಬೆಂಗಳೂರಿನಲ್ಲಿದ್ದರು. ವ್ಯಾಪಾರ ತುರುಸಾಗಿದ್ದ ಆ ವಾರಾಂತ್ಯದಲ್ಲಿ, ಎಚ್ಚರಿಕೆ ಬಂದ ಮೇಲೆ ಏನು ಮಾಡಬೇಕೆಂದು ತೀರ್ಮಾನಿಸುವ ಹಂತದಲ್ಲಿ ಕಾವಲು ಕುಸಿಯಿತು.

ಕಳ್ಳರು ಒಳಬಂದದ್ದು ಟಾರ್ಗೆಟ್‌ನ ಮುಂಬಾಗಿಲಿನಿಂದಲ್ಲ. ಪೆನ್ಸಿಲ್ವೇನಿಯಾದ ಶಾರ್ಪ್ಸ್‌ಬರ್ಗ್‌ನಲ್ಲಿ ಫೇಜಿಯೊ ಮೆಕ್ಯಾನಿಕಲ್ ಸರ್ವಿಸಸ್ ಎಂಬ ಶೀತಲೀಕರಣ ಯಂತ್ರಗಳ ಗುತ್ತಿಗೆ ಸಂಸ್ಥೆಯಿದೆ. ಕಳವು ಆರಂಭವಾಗುವುದಕ್ಕೆ ಕನಿಷ್ಠ ಎರಡು ತಿಂಗಳು ಮೊದಲೇ ಅಲ್ಲಿಯ ಸಿಬ್ಬಂದಿಗೆ ಬಂದ ವಂಚನೆಯ ಇಮೇಲ್‌ನಿಂದ ಗುಪ್ತಪದ ಕದಿಯುವ ಸಿಟಡೆಲ್ ಎಂಬ ಕುತಂತ್ರಾಂಶ ಅವರ ಕಂಪ್ಯೂಟರಿಗೆ ಹೊಕ್ಕಿತ್ತು ಎಂದು ಪತ್ರಕರ್ತ ಬ್ರಯಾನ್ ಕ್ರೆಬ್ಸ್ ವರದಿ ಮಾಡಿದರು. ಬಿಲ್ ಸಲ್ಲಿಕೆ, ಗುತ್ತಿಗೆ ಪತ್ರ ಮತ್ತು ಕಾಮಗಾರಿ ನಿರ್ವಹಣೆಗಷ್ಟೇ ಟಾರ್ಗೆಟ್‌ನೊಂದಿಗೆ ತಮ್ಮ ಕಂಪ್ಯೂಟರ್ ಸಂಪರ್ಕವಿತ್ತು ಎಂದು ಫೇಜಿಯೊ ಹೇಳಿತು. ಆ ಮಾತು ನಿಜವೇ ಇರಬಹುದು. ಬಿಲ್ ಕಳಿಸುವವರ ಗುಪ್ತಪದ ಹಿಡಿದು ಹೊರಟವರು ಗಲ್ಲಾಪೆಟ್ಟಿಗೆಯವರೆಗೆ ಹೋಗಲು ಸಾಧ್ಯವಾದದ್ದು ಹೇಗೆ ಎಂಬುದಕ್ಕೆ ಉತ್ತರ ಕೊಡಬೇಕಾದದ್ದು ಟಾರ್ಗೆಟ್. ಅದರ ಒಳಜಾಲದಲ್ಲಿ ಒಂದು ವಿಭಾಗಕ್ಕೂ ಇನ್ನೊಂದಕ್ಕೂ ನಡುವೆ ಇರಬೇಕಾದ ತಡೆ ಸಾಕಷ್ಟು ಗಟ್ಟಿಯಾಗಿರಲಿಲ್ಲ.

ಈಗ ದಿನಾಂಕಗಳನ್ನು ನೋಡೋಣ. ಕಳ್ಳರು ಟಾರ್ಗೆಟ್‌ನ ಜಾಲಕ್ಕೆ ಕಾಲಿಟ್ಟದ್ದು ನವೆಂಬರ್ 12ರಂದು. 15ರಿಂದ 28ರವರೆಗೆ ಅವರು ಕೆಲವೇ ಗಲ್ಲಾಯಂತ್ರಗಳ ಮೇಲೆ ತಮ್ಮ ಕುತಂತ್ರಾಂಶವನ್ನು ಪರೀಕ್ಷಿಸಿದರು. 28 ಥ್ಯಾಂಕ್ಸ್‌ಗಿವಿಂಗ್, 29 ಬ್ಲ್ಯಾಕ್ ಫ್ರೈಡೇ, ಅಂದರೆ ರಿಯಾಯಿತಿ ಮಾರಾಟದ ಶುಕ್ರವಾರ. 30ರ ಶನಿವಾರದ ಹೊತ್ತಿಗೆ ಬಹುಪಾಲು ಗಲ್ಲಾಯಂತ್ರಗಳಲ್ಲಿ ಅದು ನೆಲೆಯೂರಿತ್ತು. ಕದ್ದ ಮಾಲು ಜಾಲದಿಂದ ಹೊರಗೆ ಸಾಗತೊಡಗಿದ್ದು ಡಿಸೆಂಬರ್ 2ರಂದು. ಅದು ಸೈಬರ್ ಮಂಡೇ, ಅಂದರೆ ಆನ್‌ಲೈನ್ ಖರೀದಿ ಏರುವ ಸೋಮವಾರ. ಸುಗ್ಗಿಗೆ ಮುಂಚೆ ಪ್ರಯೋಗ, ಸುಗ್ಗಿ ಶುರುವಾದೊಡನೆ ಪೂರ್ಣ ಅಳವಡಿಕೆ: ಒಬ್ಬ ವರ್ತಕ ಹಬ್ಬದ ಮಾರಾಟಕ್ಕೆ ಮಾಡಿಕೊಳ್ಳುವ ತಯಾರಿಯ ಕ್ರಮವೇ ಇದು. ಸಾಗಣೆಯೂ ಬೆಳಗ್ಗೆ 10ರಿಂದ ಸಂಜೆ 6ರ ನಡುವೆ, ವ್ಯವಹಾರದ ದಟ್ಟಣೆಯಲ್ಲಿ ಬೆರೆತುಹೋಗುವಂತೆ ನಡೆಯಿತು.

ಕುತಂತ್ರಾಂಶದ ಕೆಲಸ ಸರಳವಾಗಿತ್ತು. ಕಾರ್ಡ್ ಉಜ್ಜಿದ ಕ್ಷಣದಲ್ಲಿ ಅದರ ಕಾಂತಪಟ್ಟಿಯ ಮಾಹಿತಿ ಯಂತ್ರದ ಸ್ಮೃತಿಯಲ್ಲಿ ಗೂಢಲಿಪಿಯಿಲ್ಲದೆ ಅತ್ಯಲ್ಪ ಕಾಲ ನಿಲ್ಲುತ್ತದೆ. ಬ್ಲ್ಯಾಕ್‌ಪಾಸ್ ಎಂಬ ಜಾತಿಗೆ ಸೇರಿದ ಈ ತಂತ್ರಾಂಶ ಅಷ್ಟರಲ್ಲೇ ಅದನ್ನು ಹೆಕ್ಕಿಕೊಳ್ಳುತ್ತಿತ್ತು. ಕಾಂತಪಟ್ಟಿಯಲ್ಲಿರುವ ಮಾಹಿತಿ ಎಂದೂ ಬದಲಾಗದ್ದರಿಂದ ನಕಲಿ ಕಾರ್ಡ್ ಮಾಡಲು ಅದು ಸಾಕು. ನಕಲು ಮಾಡಿದ ಕಾರ್ಡೊಂದೇ ಸಾಲದಂತೆ, ಅದೇ ಡಿಸೆಂಬರ್ 1ರಿಂದ ಭಾರತದ ಅಂಗಡಿಗಳಲ್ಲಿ ಡೆಬಿಟ್ ಕಾರ್ಡ್ ಉಜ್ಜಿದಾಗಲೆಲ್ಲ ಪಿನ್ ಒತ್ತಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮ ಜಾರಿಗೆ ಬಂದಿತ್ತು. ಅಮೆರಿಕದಲ್ಲಿ ಚಿಪ್ ಕಾರ್ಡಿಗೆ ಬದಲಾಗದ ವರ್ತಕರ ಮೇಲೆ ನಕಲಿ ಕಾರ್ಡಿನ ನಷ್ಟದ ಹೊಣೆ ಹೊರಿಸುವ ಏರ್ಪಾಡು ಬಂದದ್ದು 2015ರ ಅಕ್ಟೋಬರ್‌ನಲ್ಲಿ.

ಟಾರ್ಗೆಟ್ ಕಾವಲಿಗೆ ಹಣ ಖರ್ಚು ಮಾಡದ ಸಂಸ್ಥೆಯಾಗಿರಲಿಲ್ಲ. ದಾಳಿಗೆ ಸುಮಾರು ಆರು ತಿಂಗಳ ಮುಂಚೆ 16 ಲಕ್ಷ ಡಾಲರ್ ವೆಚ್ಚದಲ್ಲಿ ಫೈರ್‌ಐ ಸಂಸ್ಥೆಯ ಪತ್ತೆ ವ್ಯವಸ್ಥೆಯನ್ನು ಅಳವಡಿಸತೊಡಗಿತ್ತು. ಕಾರ್ಡ್ ಉದ್ಯಮದ ಭದ್ರತಾ ಮಾನದಂಡಕ್ಕೆ ಬದ್ಧವಾಗಿದೆ ಎಂಬ ಪ್ರಮಾಣಪತ್ರ ಸೆಪ್ಟೆಂಬರ್‌ನಲ್ಲಷ್ಟೇ ಅದರ ಕೈಸೇರಿತ್ತು. ಬ್ಲೂಮ್‌ಬರ್ಗ್ ಬಿಸಿನೆಸ್‌ವೀಕ್ 2014ರ ಮಾರ್ಚ್‌ನಲ್ಲಿ ಪ್ರಕಟಿಸಿದ ತನಿಖಾ ವರದಿಯ ಪ್ರಕಾರ, ಜಾಲವನ್ನು ಹಗಲಿರುಳು ಗಮನಿಸುತ್ತಿದ್ದ ತಂಡ ಬೆಂಗಳೂರಿನಲ್ಲಿತ್ತು. ನವೆಂಬರ್ 30ರಂದು ಫೈರ್‌ಐ ಎಚ್ಚರಿಕೆ ಕೊಟ್ಟಾಗ ಬೆಂಗಳೂರಿನವರು ಅದನ್ನು ಕಂಡು ಮಿನಿಯಾಪೊಲಿಸ್‌ನ ಭದ್ರತಾ ತಂಡಕ್ಕೆ ತಿಳಿಸಿದರು. ಡಿಸೆಂಬರ್ 2ರಂದು ಮತ್ತೆ ಎಚ್ಚರಿಕೆ ಬಂತು. ಪತ್ತೆಯಾದ ಕುತಂತ್ರಾಂಶವನ್ನು ತಾನಾಗಿಯೇ ಅಳಿಸಿಹಾಕುವ ಸೌಲಭ್ಯ ಆ ವ್ಯವಸ್ಥೆಯಲ್ಲಿತ್ತು, ಆದರೆ ಅದನ್ನು ನಿಷ್ಕ್ರಿಯವಾಗಿಡಲಾಗಿತ್ತು. ಆ ಚಟುವಟಿಕೆಯನ್ನು ತಂಡ ಪರಿಶೀಲಿಸಿತ್ತು, ತಕ್ಷಣದ ಕ್ರಮ ಬೇಕಿಲ್ಲವೆಂದು ಭಾವಿಸಿತ್ತು ಎಂಬುದು ಕಂಪನಿ ಅನಂತರ ಕೊಟ್ಟ ವಿವರಣೆ. ಡಿಸೆಂಬರ್ 12ರಂದು ಅಮೆರಿಕದ ನ್ಯಾಯ ಇಲಾಖೆ ಸಂಶಯಾಸ್ಪದ ಚಟುವಟಿಕೆಯ ಬಗ್ಗೆ ತಿಳಿಸಿದ ಮೇಲೆ ತನಿಖೆ ಚುರುಕಾಯಿತು. 15ರಂದು ಕುತಂತ್ರಾಂಶದ ಬಹುಭಾಗ ತೆಗೆಯಲಾಯಿತು. 18ರಂದು ಕ್ರೆಬ್ಸ್ ಸುದ್ದಿಯನ್ನು ಹೊರಹಾಕಿದರು, ಮರುದಿನ ಕಂಪನಿ ಪ್ರಕಟಣೆ ಕೊಟ್ಟಿತು.

ನವೆಂಬರ್ 30 ಮತ್ತು ಡಿಸೆಂಬರ್ 2ರ ನಡುವಿನ ಅವಧಿಯೇ ನನ್ನ ಓದಿನ ಕೇಂದ್ರ. ಕಾರ್ಡ್‌ಗಳ ವಿವರ ಆಗಲೇ ಒಂದೆಡೆ ಸೇರತೊಡಗಿತ್ತು, ಆದರೆ ಟಾರ್ಗೆಟ್‌ನ ಸ್ವಂತ ಕಂಪ್ಯೂಟರುಗಳ ಒಳಗೇ ಇತ್ತು. ಶನಿವಾರ ಬಂದ ಎಚ್ಚರಿಕೆಯ ಮೇಲೆ ಯಾರಾದರೂ ಕ್ರಮ ಕೈಗೊಂಡಿದ್ದರೆ ಕಳವು ಅಲ್ಲಿಗೇ ನಿಲ್ಲುವ ಸಾಧ್ಯತೆ ಇತ್ತು. ಸೆನೆಟ್‌ನ ವಾಣಿಜ್ಯ ಸಮಿತಿಯ ಸಿಬ್ಬಂದಿ 2014ರ ಮಾರ್ಚ್ 26ರಂದು ಸಲ್ಲಿಸಿದ ವರದಿ ದಾಳಿಯ ಪ್ರತಿ ಹಂತದಲ್ಲೂ ಕೈತಪ್ಪಿದ ಅವಕಾಶಗಳನ್ನು ಗುರುತಿಸುತ್ತದೆ. ಅದು ಬೆಲೆಯುಳ್ಳ ಕೆಲಸ. ಆದರೆ ಆ ಹಂತಗಳೆಲ್ಲ ಯಾವ ವಾರದಲ್ಲಿ ಬಂದವು ಎಂಬುದಕ್ಕೆ ವರದಿ ಕೊಟ್ಟ ತೂಕ ಸಾಲದು ಎಂದು ನನ್ನ ಅಭಿಪ್ರಾಯ. ದೊಡ್ಡ ವ್ಯಾಪಾರ ಸಂಸ್ಥೆಗಳು ಸುಗ್ಗಿಯ ಕಾಲದಲ್ಲಿ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಯಾವ ಬದಲಾವಣೆಯನ್ನೂ ಮಾಡದಿರುವ ರೂಢಿ ಇಟ್ಟುಕೊಂಡಿರುತ್ತವೆ. ಗಲ್ಲಾ ನಿಂತುಹೋಗಬಾರದೆಂಬುದು ಅದರ ಉದ್ದೇಶ. ಸುಗ್ಗಿಯ ಶನಿವಾರ ಒಂದು ಮಳಿಗೆಯ ಯಂತ್ರಗಳನ್ನು ನಿಲ್ಲಿಸಿದರೆ ಆಗುವ ನಷ್ಟ ಒಂದೇ ಗಂಟೆಯಲ್ಲಿ ಲೆಕ್ಕಕ್ಕೆ ಸಿಗುತ್ತದೆ, ನಿಲ್ಲಿಸದಿದ್ದರೆ ಆಗಬಹುದಾದ ನಷ್ಟ ಇನ್ನೂ ಊಹೆಯ ಮಾತು. ಇಂಥ ಸ್ಥಿತಿಯಲ್ಲಿ ಸಾವಿರಾರು ಕಿಲೋಮೀಟರ್ ದೂರದ ನೌಕರನಿಗೆ ವರದಿ ಮಾಡುವ ಕರ್ತವ್ಯ ಮಾತ್ರ ಇದ್ದು ತಡೆಯುವ ಅಧಿಕಾರ ಇಲ್ಲದಿದ್ದರೆ, ಎಷ್ಟೇ ಬೆಲೆಯ ಪತ್ತೆ ವ್ಯವಸ್ಥೆಯೂ ಬರಿಯ ದಾಖಲೆ ಪುಸ್ತಕವಾಗುತ್ತದೆ.

ದಾಳಿಕೋರರು ಪಂಚಾಂಗ ನೋಡಿಯೇ ಹೊರಡುತ್ತಾರೆಂಬುದಕ್ಕೆ ಟಾರ್ಗೆಟ್ ಒಂದೇ ಸಾಕ್ಷಿಯಲ್ಲ. 2016ರ ಫೆಬ್ರವರಿ 4ರ ಗುರುವಾರ ರಾತ್ರಿ ಬಾಂಗ್ಲಾದೇಶ ಬ್ಯಾಂಕು ನ್ಯೂಯಾರ್ಕಿನಲ್ಲಿಟ್ಟಿದ್ದ ಹಣಕ್ಕೆ ಕೈಹಾಕಿದವರ ಲೆಕ್ಕ ಅತ್ಯಂತ ನಿಖರವಾಗಿತ್ತು. ಶುಕ್ರವಾರ, ಶನಿವಾರ ಢಾಕಾಕ್ಕೆ ರಜೆ, ಶನಿವಾರ, ಭಾನುವಾರ ನ್ಯೂಯಾರ್ಕಿಗೆ ರಜೆ, ಸೋಮವಾರ ಚೀನೀ ಹೊಸ ವರ್ಷವೆಂದು ಮನಿಲಾಕ್ಕೆ ರಜೆ. ಆ ಸಂದಿನಲ್ಲಿ 8.1 ಕೋಟಿ ಡಾಲರ್ ಫಿಲಿಪ್ಪೀನ್ಸ್ ತಲುಪಿತು. 2018ರ ಆಗಸ್ಟ್ 11ರಂದು ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನ ಮೇಲೆ ದಾಳಿ ಶುರುವಾದದ್ದು ಬ್ಯಾಂಕುಗಳಿಗೆ ರಜೆಯಿರುವ ಎರಡನೆಯ ಶನಿವಾರ, ಒಟ್ಟು ನಷ್ಟ ಸುಮಾರು 94 ಕೋಟಿ ರೂಪಾಯಿ. ಬ್ರಿಟನ್ನಿನ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಮೇಲಿನ ದಾಳಿ 2025ರ ಈಸ್ಟರ್ ವಾರಾಂತ್ಯದಲ್ಲಿ ಹೊರಗೆ ಕಾಣಿಸಿಕೊಂಡಿತು. ಅಲ್ಲಿ ಆನ್‌ಲೈನ್ ಮಾರಾಟ ಆರು ವಾರಕ್ಕೂ ಹೆಚ್ಚು ಕಾಲ ನಿಂತಿತು.

ಟಾರ್ಗೆಟ್ ತೆತ್ತ ಬೆಲೆ ದಾಖಲಾಗಿದೆ. ಆ ತ್ರೈಮಾಸಿಕದ ಲಾಭ ಹಿಂದಿನ ವರ್ಷಕ್ಕಿಂತ 46 ಪ್ರತಿಶತ ಇಳಿಯಿತು. ಕೆನಡಾದಲ್ಲಿನ ನಷ್ಟವೂ ಅದರಲ್ಲಿ ಸೇರಿದ್ದರಿಂದ ಇಡೀ ಕುಸಿತವನ್ನು ದಾಳಿಯ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ದಾಳಿಯಿಂದಲೇ ಬಂದ ಖರ್ಚು 29.2 ಕೋಟಿ ಡಾಲರ್, ಅದರಲ್ಲಿ ವಿಮೆಯಿಂದ ಮರಳಿದ್ದು ಸುಮಾರು 9 ಕೋಟಿ. ಮಾಹಿತಿ ತಂತ್ರಜ್ಞಾನದ ಮುಖ್ಯಸ್ಥೆ 2014ರ ಮಾರ್ಚ್‌ನಲ್ಲಿ, ಮುಖ್ಯ ಕಾರ್ಯನಿರ್ವಾಹಕ ಗ್ರೆಗ್ ಸ್ಟೈನ್‌ಹಾಫೆಲ್ ಮೇ ತಿಂಗಳಲ್ಲಿ ಹುದ್ದೆ ತೊರೆದರು.

ನಮ್ಮಲ್ಲಿ ಕಾನೂನು ಈಗ ಬಿಗಿಯಾಗಿದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಸೈಬರ್ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು, ದಾಖಲೆಗಳನ್ನು 180 ದಿನ ಉಳಿಸಬೇಕು. 2022ರ ಅಕ್ಟೋಬರ್‌ನಿಂದ ವರ್ತಕರು ಗ್ರಾಹಕರ ಕಾರ್ಡ್ ಸಂಖ್ಯೆಯನ್ನು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ. ಆದರೆ ಆರು ಗಂಟೆಯ ಗಡುವು ಶುರುವಾಗುವುದು ಯಾರ ಗಮನಕ್ಕೆ ಬಂದಾಗ? ರಾತ್ರಿ ಪಾಳಿಯ ನೌಕರನಿಗೆ ಕಂಡಾಗಲೋ, ರಜೆ ಮುಗಿಸಿ ಬಂದ ಮುಖ್ಯಸ್ಥ ನೋಡಿದಾಗಲೋ? ಈ ಪ್ರಶ್ನೆಯನ್ನು ಸಂಸ್ಥೆಗಳು ಹಬ್ಬಕ್ಕೆ ಮೊದಲೇ ಬಗೆಹರಿಸಿಕೊಳ್ಳಬೇಕು.

ಪೀಣ್ಯದ ಬಿಡಿಭಾಗ ತಯಾರಕರೂ ಚಿಕ್ಕಪೇಟೆಯ ಸೀರೆ ವರ್ತಕರೂ ತಮ್ಮನ್ನು ಟಾರ್ಗೆಟ್‌ನ ಜಾಗದಲ್ಲಿ ಅಲ್ಲ, ಫೇಜಿಯೊದ ಜಾಗದಲ್ಲಿ ಇಟ್ಟು ನೋಡಬೇಕು. ತಮ್ಮಲ್ಲಿ ಕದಿಯುವಂಥದ್ದೇನಿದೆ ಎಂಬ ನಂಬಿಕೆಯೇ ಅವರ ಅಪಾಯ. ದೊಡ್ಡ ಗಿರಾಕಿಯ ಜಾಲಕ್ಕೆ ಬಿಲ್ ಕಳಿಸುವ ಗುಪ್ತಪದವೇ ಕದಿಯುವಂಥದ್ದು. ದೀಪಾವಳಿಯ ಹಿಂದಿನ ವಾರಗಳಲ್ಲಿ ನೂರಾರು ಬಿಲ್‌ಗಳು ಇಮೇಲ್‌ನಲ್ಲೂ ವಾಟ್ಸ್‌ಆ್ಯಪ್‌ನಲ್ಲೂ ಬಂದು ಬೀಳುವಾಗ ಅವುಗಳಲ್ಲಿ ಒಂದು ನಕಲಿಯಾಗಿದ್ದರೆ ಗುಮಾಸ್ತರು ನಿಂತು ನೋಡುವಷ್ಟು ಬಿಡುವು ಇರುವುದಿಲ್ಲ. ಬ್ಯಾಂಕ್ ಖಾತೆ ಬದಲಾಗಿದೆ ಎಂಬ ಸಂದೇಶ ಯಾರಿಂದ ಬಂದರೂ, ಮೊದಲಿನಿಂದ ಬಲ್ಲ ಫೋನ್ ಸಂಖ್ಯೆಗೆ ಕರೆ ಮಾಡಿ ಕೇಳದೆ ಹಣ ಕಳಿಸಬಾರದು. ಆಯುಧಪೂಜೆಗೆ ನಮ್ಮ ಕಾರ್ಖಾನೆ, ಅಂಗಡಿಗಳಲ್ಲಿ ಯಂತ್ರಗಳನ್ನು ತೊಳೆದು ಕುಂಕುಮ ಇಡುತ್ತಾರೆ, ಕಂಪ್ಯೂಟರಿಗೂ ಇಡುತ್ತಾರೆ. ದೀಪಾವಳಿಗೆ ಸುಮಾರು ಮೂರು ವಾರ ಮೊದಲು ಬರುವ ಆ ದಿನವೇ ಕೆಲಸ ಬಿಟ್ಟುಹೋದವರ ಖಾತೆಗಳನ್ನು ಮುಚ್ಚಿ, ಗುತ್ತಿಗೆದಾರರ ಪ್ರವೇಶವನ್ನು ಕಡಿತಗೊಳಿಸಿ, ಜಾಲದಿಂದ ಬೇರ್ಪಡಿಸಿಟ್ಟ ಪ್ರತಿಯಿಂದ ಲೆಕ್ಕಪತ್ರಗಳನ್ನು ಮರಳಿ ತರಲಾಗುತ್ತದೆಯೇ ಎಂದು ಒಮ್ಮೆ ಮಾಡಿ ನೋಡುವುದು ಸಾಧ್ಯ. ಇದಕ್ಕೆ ಹಣ ಬೇಕಿಲ್ಲ, ಅರ್ಧ ದಿನ ಸಾಕು.

ದೊಡ್ಡ ಸಂಸ್ಥೆಗಳಿಂದ ಕೇಳಬೇಕಾದದ್ದು ಇನ್ನೂ ಸ್ಪಷ್ಟ. ಸುಗ್ಗಿಯ ಬದಲಾವಣೆ ನಿಷೇಧದಿಂದ ಭದ್ರತಾ ಕ್ರಮಗಳಿಗೆ ವಿನಾಯಿತಿ ಇರಬೇಕು. ಒಂದು ಮಳಿಗೆಯ ಗಲ್ಲಾ ನಿಂತರೆ ನಗದು ಅಥವಾ ಪ್ರತ್ಯೇಕ ಯುಪಿಐ ಮೂಲಕ ವ್ಯಾಪಾರ ಮುಂದುವರಿಸುವ ದಾರಿ ಮೊದಲೇ ತಯಾರಿರಬೇಕು, ಏಕೆಂದರೆ ನಿಲ್ಲಿಸುವ ಬೆಲೆ ಇಳಿದಾಗ ಮಾತ್ರ ನಿಲ್ಲಿಸುವ ಧೈರ್ಯ ಬರುತ್ತದೆ. ಬೆಂಗಳೂರಿನಿಂದ ಜಗತ್ತಿನ ಅಂಗಡಿಗಳನ್ನು ಕಾಯುತ್ತಿರುವ ಸಂಸ್ಥೆಗಳು ಪಾಳಿಯ ಮೇಲಿರುವ ನೌಕರನಿಗೆ, ಮೇಲಿನವರ ಉತ್ತರಕ್ಕೆ ಕಾಯದೆ, ಸಂಶಯ ಬಂದ ಯಂತ್ರವನ್ನು ಜಾಲದಿಂದ ಕಡಿಯುವ ಅಧಿಕಾರವನ್ನು ಲಿಖಿತವಾಗಿ ಕೊಡಲಿ. ಅವನ ಸಂಶಯ ಸುಳ್ಳಾದರೂ ಶಿಕ್ಷೆಯಿಲ್ಲವೆಂದು ಅದೇ ಆದೇಶದಲ್ಲಿ ಬರೆಯಲಿ. ಪ್ರತಿ ವರ್ಷ ನವೆಂಬರ್ ಬರುವುದಕ್ಕೆ ಮೊದಲು ಆ ಆದೇಶಕ್ಕೆ ಸಹಿ ಬೀಳಲಿ.