ಸತ್ತ ಕುದುರೆಯ ನಷ್ಟ

ಹದಿನೈದನೆಯ ಶತಮಾನದ ಉತ್ತರಾರ್ಧದಲ್ಲಿ ವಿಜಯನಗರದ ಪಟ್ಟವನ್ನೇರಿದ ಸಾಳುವ ನರಸಿಂಹನು ಹೋರ್ಮುಜ್ ಮತ್ತು ಏಡನ್ ರೇವುಗಳಿಂದ ಬರುತ್ತಿದ್ದ ಕುದುರೆಗಳನ್ನು, ಬದುಕಿ ಬಂದರೂ ಸತ್ತು ಬಂದರೂ, ಸಾವಿರ ಪರ್ದಾವ್ ಹೊನ್ನಿಗೆ ಮೂರರಂತೆ ಕೊಳ್ಳುತ್ತಿದ್ದನೆಂದೂ, ಕಡಲ ನಡುವೆ ಅಳಿದ ಕುದುರೆಯ ಬಾಲವೊಂದನ್ನೇ ವರ್ತಕನು ತಂದು ಒಪ್ಪಿಸಿದರೂ ಜೀವಂತ ಕುದುರೆಗೆ ಸಲ್ಲುವ ಮೌಲ್ಯವೇ ಅದಕ್ಕೂ ಸಲ್ಲುತ್ತಿತ್ತೆಂದೂ, ಕುದುರೆಯ ವ್ಯಾಪಾರಕ್ಕಾಗಿ ಆ ರಾಜಧಾನಿಯಲ್ಲಿ ಕೆಲಕಾಲ ನಿಂತಿದ್ದ ಪೋರ್ಚುಗೀಸ್ ವರ್ತಕ ಫೆರ್ನಾವ್ ನ್ಯೂನಿಜ್ ಬರೆದಿಟ್ಟಿದ್ದಾನೆ. ಇದು ಕೆಲವರಿಗೆ ಅರಸನ ಔದಾರ್ಯವಾಗಿಯೂ ಕೆಲವರಿಗೆ ಅವಿವೇಕವಾಗಿಯೂ ತೋರೀತು. ಆದರೆ ಹಡಗಿನಲ್ಲಿ ಸಾಯುವ ಕುದುರೆಯ ನಷ್ಟವನ್ನು ವರ್ತಕನೇ ಹೊರಬೇಕಾದ ಪಕ್ಷದಲ್ಲಿ ಅವನು ಈ ಕಡೆಗೆ ಬರುವುದನ್ನೇ ಬಿಟ್ಟು ತನ್ನ ಸರಕನ್ನು ಬಹಮನಿಯವರಿಗೆ ಮಾರಿಬಿಟ್ಟಾನೆಂಬ ಶಂಕೆಯಿದ್ದ ಕಾಲದಲ್ಲಿ, ಆ ನಷ್ಟವನ್ನು ಬೊಕ್ಕಸದ ಮೇಲೆ ಎಳೆದುಕೊಂಡುದು ರಾಜಕಾರಣವೆಂದೇ ಹೇಳಬೇಕು. ಸತ್ತ ಕುದುರೆಯ ನಷ್ಟವನ್ನು ಹೊರುವವರು ಯಾರು ಎಂಬ ಪ್ರಶ್ನೆಯನ್ನು ಹಿಡಿದು ನೋಡಿದರೆ, ನಮ್ಮ ನಾಡಿನ ಅಶ್ವಪಾಲನೆಯ ಚರಿತ್ರೆಯಲ್ಲಿ ಬಹುಭಾಗವು ತಿಳಿಯಾಗುತ್ತದೆ.

ದಕ್ಷಿಣದ ಅರಸರು ಕುದುರೆಗಾಗಿ ಕಡಲಾಚೆಗೆ ಕೈಚಾಚಬೇಕಾಗಿ ಬಂದುದು ಇಲ್ಲಿನ ನೆಲ ಮತ್ತು ಹವೆಗಳ ಕಾರಣದಿಂದ. ಸೆಕೆಯೂ ತೇವವೂ ಕೂಡಿದ ಕರಾವಳಿ, ಗೊರಸನ್ನು ಮೆತ್ತಗಾಗಿಸುವ ಮಳೆಗಾಲ, ಅರಬ್ಬೀ ಕುದುರೆಗಳು ತಿಂದು ಬೆಳೆದ ಜವೆಗೋಧಿಯ ಅಭಾವ, ಇವೆಲ್ಲವೂ ಸೇರಿ ಉತ್ತಮ ತಳಿಯನ್ನು ಇಲ್ಲಿಯೇ ಬೆಳೆಸುವುದನ್ನು ಕಷ್ಟಸಾಧ್ಯವನ್ನಾಗಿ ಮಾಡಿದ್ದುವು. ಹದಿಮೂರನೆಯ ಶತಮಾನದ ಕೊನೆಯಲ್ಲಿ ಪಾಂಡ್ಯರ ನಾಡನ್ನು ಕಂಡ ಮಾರ್ಕೊ ಪೋಲೊ, ಅಲ್ಲಿ ಕುದುರೆಗಳಿಗೆ ಮಾಂಸದೊಡನೆ ಬೇಯಿಸಿದ ಅನ್ನವನ್ನು ತಿನ್ನಿಸುತ್ತಿದ್ದರೆಂದೂ, ಲಾಳ ಕಟ್ಟಬಲ್ಲವರೂ ಚಿಕಿತ್ಸೆ ಬಲ್ಲವರೂ ಇಲ್ಲದೆ ವರ್ಷಂಪ್ರತಿ ತರಿಸಿದ ಕುದುರೆಗಳಲ್ಲಿ ಬಹುಪಾಲು ಅಳಿಯುತ್ತಿದ್ದುವೆಂದೂ ಹೇಳುತ್ತಾನೆ. ಅದಲ್ಲದೆ, ಲಾಭವು ಕೈತಪ್ಪದಿರಲೆಂದು ವರ್ತಕರೇ ಅಂಥ ಕುಶಲಿಗಳನ್ನು ಆ ದೇಶಕ್ಕೆ ಹೋಗಗೊಡುತ್ತಿರಲಿಲ್ಲವೆಂಬ ಚುಚ್ಚುಮಾತನ್ನೂ ಸೇರಿಸುತ್ತಾನೆ. ಪ್ರವಾಸಿಗರ ಮಾತಿನಲ್ಲಿ ಅತಿಶಯೋಕ್ತಿಗೆ ಎಡೆಯುಂಟು. ಆದರೂ ಸಾಯುವ ಕುದುರೆಯಿಂದಲೇ ಬೆಳೆಯುವ ವ್ಯಾಪಾರವೊಂದು ಆಗ ನಡೆದಿದ್ದಿತೆಂಬುದನ್ನು ಅಲ್ಲಗಳೆಯುವಂತಿಲ್ಲ.

ಹಾಗೆಂದು ಕನ್ನಡ ನಾಡಿನಲ್ಲಿ ಅಶ್ವವಿದ್ಯೆಯೇ ಇರಲಿಲ್ಲವೆನ್ನುವುದು ಅನ್ಯಾಯದ ಮಾತಾದೀತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಯ ದೇಶ, ವರ್ಣ, ಲಕ್ಷಣ, ಶಿಕ್ಷಣಗಳ ವಿವರಣೆಯಿರುವುದಲ್ಲದೆ, ಸವಾರರು ಎರಡು ಪಕ್ಷಗಳಾಗಿ ನಿಂತು ಚೆಂಡನ್ನು ಎದುರು ಪಕ್ಷದ ತೋರಣದ ಕಡೆಗೆ ಹೊಡೆಯುವ ವಾಜಿವಾಹ್ಯಾಲಿ ವಿನೋದದ ವರ್ಣನೆಯೂ ಇದೆ. ಮೈಸೂರಿನ ಚಾಮರಾಜ ಒಡೆಯರ ಕಾಲದಲ್ಲಿ, 1627ರಲ್ಲಿ, ಪದ್ಮಣ ಪಂಡಿತನು ‘ಹಯಸಾರಸಮುಚ್ಚಯ’ವನ್ನು ಬರೆದನು. ಬಹಮನಿ ಸುಲ್ತಾನ ಅಹಮದ್ ಶಹನ ಆಶ್ರಯದಲ್ಲಿ ಶಾಲಿಹೋತ್ರ ಪರಂಪರೆಯ ಸಂಸ್ಕೃತ ಗ್ರಂಥವೊಂದು ಪಾರಸೀ ಭಾಷೆಗೆ ಅನುವಾದಗೊಂಡಿತೆಂಬುದನ್ನು ನೆನೆದರೆ, ರಣರಂಗದಲ್ಲಿ ಎದುರುಬದುರಾದವರು ಲಾಯದಲ್ಲಿ ಮಾತ್ರ ಒಂದೇ ಶಾಸ್ತ್ರವನ್ನು ನಂಬಿದ್ದರೆಂದು ಹೇಳಬಹುದು.

ಈ ಶಾಸ್ತ್ರವು ಕುದುರೆಯ ಆಯ್ಕೆಗೆ ಕೊಟ್ಟಿರುವ ಸ್ಥಾನವು ಬಹು ವಿಸ್ತಾರವಾದುದು. ಮೈಮೇಲಿನ ರೋಮದ ಸುಳಿಗಳಲ್ಲಿ ಹತ್ತನ್ನು ಧ್ರುವಾವರ್ತಗಳೆಂದು ಕರೆದು, ಅವು ಹಣೆ, ತಲೆ, ಎದೆ ಮೊದಲಾದ ಸ್ವಸ್ಥಾನಗಳಲ್ಲಿ ಇರಲೇಬೇಕೆಂದು ವಿಧಿಸಿ, ಸ್ಥಾನ ತಪ್ಪಿದ ಸುಳಿಯು ಒಡೆಯನಿಗೆ ಅಶುಭವೆಂದು ಎಚ್ಚರಿಸಲಾಗಿದೆ. ನಾಲ್ಕು ಕಾಲುಗಳೂ ಮುಖವೂ ಬಿಳುಪಾಗಿರುವ ಪಂಚಕಲ್ಯಾಣಿಯು ಮಂಗಳಕರವೆಂದು ಹೊಗಳಲಾಗಿದೆ. ಈಗಿನ ಓದುಗನು ಇವನ್ನು ನಂಬಬೇಕಾದುದಿಲ್ಲ. ಆದರೆ ಸುಳಿಯನ್ನು ಹುಡುಕುವ ನೆಪದಿಂದ ಕೊಳ್ಳುವವನು ಕುದುರೆಯ ಮೈಯನ್ನು ಗೇಣುಗೇಣಾಗಿ ತಡವಿ ನೋಡುತ್ತಿದ್ದುದರಿಂದ, ಜೀನಿನ ಕೆಳಗೆ ಅಡಗಿದ ಹಳೆಯ ಹುಣ್ಣಾಗಲಿ, ಮೊಣಕಾಲಿನ ಬಾವಾಗಲಿ ಅವನ ಕೈಗೆ ಸಿಕ್ಕದೆ ಹೋಗುತ್ತಿರಲಿಲ್ಲವೆಂಬುದನ್ನು ಒಪ್ಪಬೇಕು. ಅದೇ ಗ್ರಂಥಗಳು ಹಲ್ಲಿನಿಂದ ವಯಸ್ಸನ್ನು ಅಳೆಯುವ ಕ್ರಮವನ್ನೂ ಕಲಿಸುತ್ತವೆ. ಕುದುರೆಯ ಬಾಚಿಹಲ್ಲುಗಳು ಎರಡೂವರೆ ವರ್ಷದಿಂದ ಜೋಡಿಜೋಡಿಯಾಗಿ ಬಿದ್ದು ಹುಟ್ಟಿ, ಐದನೆಯ ವರ್ಷಕ್ಕೆ ಪೂರ್ಣವಾಗುತ್ತವೆ; ಆಮೇಲೆ ಅವುಗಳ ಮೇಲಿರುವ ಕಪ್ಪು ಗುಳಿಗಳು ಸವೆಯುತ್ತ ಹೋಗುತ್ತವೆ. ಹಲ್ಲಿನ ವರ್ಣವು ಕಪ್ಪಿನಿಂದ ಹಳದಿಗೂ ಹಳದಿಯಿಂದ ಬಿಳುಪಿಗೂ ತಿರುಗುವುದನ್ನು ಕಂಡು ಪ್ರಾಯವನ್ನು ನಿರ್ಣಯಿಸಿದ ಪ್ರಾಚೀನರು, ದಲ್ಲಾಳಿಯ ಮಾತಿಗಿಂತ ಕುದುರೆಯ ಬಾಯಿಯನ್ನು ಹೆಚ್ಚಾಗಿ ನಂಬಿದ್ದುದು ವಿವೇಕವೇ ಸರಿ.

ಆಯ್ಕೆ ಒಂದು ದಿನದ ಕೆಲಸ. ಪಾಲನೆ ನಿತ್ಯದ ವ್ರತ. ಕುದುರೆಯ ದೇಹಕ್ಕೆ ಹೋಲಿಸಿದರೆ ಅದರ ಜಠರವು ಚಿಕ್ಕದು. ತಿಂದುದನ್ನು ಕಕ್ಕುವ ಶಕ್ತಿಯೂ ಅದಕ್ಕಿಲ್ಲ. ಆದುದರಿಂದ ಒಮ್ಮೆಗೇ ತುಂಬಿದ ಕಾಳು ಶೂಲೆಯಾಗಿ ಪ್ರಾಣವನ್ನೇ ತೆಗೆಯಬಹುದು; ಹುಲ್ಲನ್ನು ಸ್ವಲ್ಪಸ್ವಲ್ಪವಾಗಿ ದಿನವಿಡೀ ಮೇಯುವುದೇ ಅದರ ಸ್ವಭಾವ. ಜವೆಗೋಧಿ ದೊರೆಯದ ಈ ನೆಲದಲ್ಲಿ ನೆನೆಯಿಸಿ ಬೇಯಿಸಿದ ಹುರುಳಿಯೇ ಕುದುರೆಯ ಧಾನ್ಯವಾದುದು, ಅನ್ನವಿಕ್ಕಿ ಕೊಂದ ಅಜ್ಞಾನದಿಂದ ಲಾಯದವರು ಎಷ್ಟು ದೂರ ಬಂದರೆಂಬುದಕ್ಕೆ ನಿದರ್ಶನ. ಕುದುರೆಯು ಓಡಿ ಬದುಕುವ ಪ್ರಾಣಿ; ಹಿಂದಿನಿಂದ ಸದ್ದಿಲ್ಲದೆ ಬಂದವನನ್ನು ಒದೆಯುವುದು ಅದರ ದುಷ್ಟತನವಲ್ಲ, ಭಯ. ಕಿವಿ ಮುಂದಕ್ಕೆ ನಿಮಿರಿದರೆ ಕುತೂಹಲ, ಹಿಂದಕ್ಕೆ ಮಡಿದು ಕುತ್ತಿಗೆಗೆ ಅಂಟಿದರೆ ಕೋಪ ಎಂಬುದನ್ನು ಬಲ್ಲ ಸವಾರನಿಗೆ ಚಾವಟಿಯ ಅಗತ್ಯ ಕಡಿಮೆ.

ಇಷ್ಟು ಜ್ಞಾನವಿದ್ದರೂ ಕುದುರೆಗಳು ಅಷ್ಟೊಂದು ಸಂಖ್ಯೆಯಲ್ಲಿ ಏಕೆ ಸವೆದುಹೋದುವು? ಪುನಃ ನ್ಯೂನಿಜನನ್ನೇ ಕೇಳಬೇಕು. ವಿಜಯನಗರದ ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಂಡು, ಉತ್ತಮವಾದುವನ್ನು ತನ್ನ ಲಾಯಕ್ಕೆ ಇಟ್ಟುಕೊಂಡು, ಉಳಿದುವನ್ನು ನಾಯಕರಿಗೆ ಲಾಭಕ್ಕೆ ಮಾರುತ್ತಿದ್ದನು. ಅವನ ಸೇವೆಯಲ್ಲಿ ಕುದುರೆಗಳನ್ನು ನೋಡಿಕೊಳ್ಳುವ 1,600 ಆಳುಗಳೂ, ಅವುಗಳನ್ನು ಪಳಗಿಸುವ 300 ಮಂದಿಯೂ ಇದ್ದರು. ಅರಮನೆಯ ಕುದುರೆಗಳಿಗೆ ಮುದ್ರೆಯೊತ್ತಲಾಗುತ್ತಿತ್ತು. ಕುದುರೆ ಸತ್ತರೆ ಸವಾರನು ಮುದ್ರೆಯಿರುವ ಚರ್ಮದ ತುಂಡನ್ನು ಕೊಯ್ದು ತಂದು ಅಶ್ವಾಧ್ಯಕ್ಷನಿಗೆ ತೋರಿಸಿ ಬೇರೊಂದನ್ನು ಪಡೆಯುತ್ತಿದ್ದನು. ಬಂದರಿನಲ್ಲಿ ಬಾಲ, ಲಾಯದಲ್ಲಿ ಚರ್ಮ: ಎರಡೆಡೆಯಲ್ಲಿಯೂ ಸಾವಿಗೆ ಸಾಕ್ಷ್ಯ ದೊರೆತರೆ ಲೆಕ್ಕವು ತೀರುತ್ತಿತ್ತು. ವರ್ತಕನಿಗೂ ಸವಾರನಿಗೂ ನಷ್ಟ ತಟ್ಟದ ಇಂಥ ಏರ್ಪಾಡಿನಲ್ಲಿ, ಕುದುರೆಯನ್ನು ಬದುಕಿಸುವ ಉತ್ಸಾಹವು ವ್ಯಕ್ತಿಯ ಶೀಲವನ್ನೇ ಅವಲಂಬಿಸಬೇಕಾಗಿತ್ತು.

ಇದಕ್ಕೆ ಪ್ರತಿಯಾದ ಪದ್ಧತಿಯು ಮರಾಠರಲ್ಲಿಯೂ ಮೈಸೂರಿನಲ್ಲಿಯೂ ರೂಢಿಯಲ್ಲಿದ್ದ ಸಿಲೇದಾರಿ. ಸರ್ಕಾರದ ಕುದುರೆಯನ್ನೇರುವ ಬಾರಗೀರನಂತಲ್ಲದೆ, ಸಿಲೇದಾರನು ತನ್ನ ಸ್ವಂತ ಕುದುರೆಯೊಡನೆ ಸೇವೆಗೆ ಬರುತ್ತಿದ್ದನು. ಕುದುರೆಯೇ ಅವನ ಆಸ್ತಿ. ಅದು ಸತ್ತರೆ ಅವನ ಜೀವನೋಪಾಯವೂ ಸತ್ತಂತೆ. ಆದುದರಿಂದ ಗೊರಸಿನ ಬಿರುಕನ್ನು ಮೊದಲು ಕಾಣುವವನೂ, ಮೇವಿನ ಕಳಪೆಯನ್ನು ಮೊದಲು ದೂರುವವನೂ ಅವನೇ. ಆದರೆ ಈ ಪದ್ಧತಿಗೂ ಅದರದೇ ಆದ ದೋಷವಿದ್ದಿತು: ಆಸ್ತಿಯನ್ನು ಕಾಯುವವನು ರಣದಲ್ಲಿ ಕುದುರೆಯನ್ನು ಅಪಾಯಕ್ಕೆ ನುಗ್ಗಿಸಲು ಹಿಂಜರಿಯುತ್ತಿದ್ದನು. 1807ರ ಒಪ್ಪಂದದಿಂದ ಮೈಸೂರು ಸಂಸ್ಥಾನವು 4,000 ಸವಾರರನ್ನು ಸಿದ್ಧವಾಗಿಡಬೇಕಾಗಿ ಬಂದಾಗ, ಈ ಸಿಲೇದಾರರೇ ಅದಕ್ಕೆ ಒದಗಿದರು. ಮುಂದೆ ಶತಮಾನದ ಕೊನೆಯ ದಶಕದಲ್ಲಿ ಸಂಸ್ಥಾನದ ಲ್ಯಾನ್ಸರ್ ದಳವು ರೂಪುಗೊಂಡಿತು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಹಿಡಿದ ಕಾಳಗದಲ್ಲಿ ಜೋಧಪುರದ ಸವಾರರೊಡನೆ ಮೈಸೂರಿನ ಸವಾರರೂ ಇದ್ದರು. ಅಂದು ಗೆದ್ದುದು ಕುದುರೆಯೇ ಆದರೂ, ಯಂತ್ರಗಳ ಯುಗದಲ್ಲಿ ಅಂಥ ಗೆಲುವುಗಳಿಗೆ ಅವಕಾಶ ಉಳಿಯಲಿಲ್ಲ. ಟಿಪ್ಪೂ ಸುಲ್ತಾನನ ಸೈನ್ಯದೊಡನೆ ಸಂಬಂಧವಿದ್ದ ಕುಣಿಗಲ್ಲಿನ ಅಶ್ವಶಾಲೆಯು ಕ್ರಮೇಣ ಜೂಜಿನ ಓಟದ ಕುದುರೆಗಳನ್ನು ಬೆಳೆಸುವ ಸ್ಥಳವಾಯಿತು.

ಈ ಚರಿತ್ರೆಯಿಂದ ದೊರೆಯುವ ತೀರ್ಪು ಸರಳವಾದುದು. ಹೊನ್ನು ಕುದುರೆಯನ್ನು ತರಿಸಬಲ್ಲುದು, ಶಾಸ್ತ್ರವು ಅದನ್ನು ಆರಿಸಬಲ್ಲುದು; ಅದನ್ನು ಬದುಕಿಸುವವನು ಮಾತ್ರ ಅದರ ಸಾವಿನಿಂದ ನಿಜವಾಗಿ ನಷ್ಟವನ್ನು ಅನುಭವಿಸುವವನೇ. ಇಂದು ಕುದುರೆಯನ್ನು ಕೊಳ್ಳಬಯಸುವ ಉಳ್ಳವರು ಸುಳಿಯನ್ನಾಗಲಿ ವಂಶಾವಳಿಯನ್ನಾಗಲಿ ನೋಡುವುದಕ್ಕೆ ಮೊದಲು, ಪ್ರತಿದಿನವೂ ಬೆಳಗಿನ ಜಾವದಲ್ಲಿ ಎದ್ದು ಮೇವಿಕ್ಕಿ ಗೊರಸನ್ನು ಎತ್ತಿ ನೋಡುವವರು ಯಾರೆಂಬುದನ್ನು ನಿಶ್ಚಯಿಸಿಕೊಳ್ಳಲಿ. ಆ ಕೆಲಸಕ್ಕೆ ಆಳು ಸಿಕ್ಕದೆ, ತಮಗೂ ಪುರುಸೊತ್ತಿಲ್ಲದಿದ್ದರೆ, ಕೊಳ್ಳದಿರುವುದೇ ಕುದುರೆಗೆ ಮಾಡುವ ಉಪಕಾರ.